ಹನ್ನೊಂದು ತಿಂಗಳ ಬಾಗಿಲು

ಕಿರಿಸೊಸೆ ಮನೆಗೆ ಕಾಲಿಟ್ಟ ದಿನ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಕಾಲಿಟ್ಟ ದಿನ ಎನ್ನುವುದೂ ತಪ್ಪೇ, ಅವಳಿನ್ನೂ ಕಾಲಿಟ್ಟಿರಲೇ ಇಲ್ಲ. ತಲೆಯ ಮೇಲೊಂದು ಬಟ್ಟೆಗಂಟು ಹೊತ್ತು, ಗಂಡನ ಹಿಂದೆ ಎರಡು ಹೆಜ್ಜೆ ಬಿಟ್ಟು, ಬೀದಿಯ ತಿರುವಿನಲ್ಲಿ ಬರುತ್ತಿದ್ದಳಷ್ಟೆ. ಒಳಗೆ ನಿಂತಿದ್ದ ಹಿರಿಸೊಸೆಯ ಕಣ್ಣೆದುರಿಗೇ ಚಿಲಕ ಟಕ್ಕೆಂದಿತು. ಬಿಜಾಗರಿ ಒಂದಿಷ್ಟೂ ಕಿರುಗುಟ್ಟದೆ ಹಲಗೆ ಹೋಗಿ ಗೋಡೆಗೆ ಒರಗಿ ನಿಂತಿತು.

ಅದೇ ಬಾಗಿಲು ಹಿರಿಸೊಸೆಗೆ ತೆರೆಯಲು ಹನ್ನೊಂದು ತಿಂಗಳು ಹಿಡಿದಿತ್ತು.

ಹಿಂದಿನ ಕಥೆ ಹೇಳದಿದ್ದರೆ ಅವಳ ಹೊಟ್ಟೆಯುರಿ ಯಾರಿಗೂ ಅರ್ಥವಾಗುವುದಿಲ್ಲ. ಆ ಊರಿನವರಿಗೆ ಬಾಗಿಲವರು ಎಂದೇ ಹೆಸರು. ನಾಲ್ಕು ತಲೆಮಾರಿನ ಹಿಂದೆ ಅವರು ಕೆಳಗಿನ ನದಿಬಯಲಿನಲ್ಲಿ ಇದ್ದವರು. ಅಲ್ಲಿ ನದಿಯ ಎರಡೂ ದಡದಲ್ಲಿ ನೆನೆಮರ ಎಂಬ ಮರ ಬೆಳೆಯುತ್ತಿತ್ತು. ತನ್ನನ್ನು ಮುಟ್ಟಿದ ಕೈಯನ್ನು ಆ ಮರ ಮರೆಯುತ್ತಿರಲಿಲ್ಲ. ಕಡಿದು ಹಲಗೆ ಮಾಡಿದರೂ ಅದಕ್ಕೆ ನೆನಪು ಹೋಗುತ್ತಿರಲಿಲ್ಲ. ಅದರಲ್ಲಿ ಮಾಡಿದ ಬಾಗಿಲು ತನ್ನ ಮನೆಯೊಳಗೆ ಹುಟ್ಟಿದವರಿಗೆ, ಅವರ ಮಕ್ಕಳುಮರಿಗೆ, ಎಷ್ಟು ಕಾಲ ಕಳೆದು ಬಂದರೂ ತೆರೆದುಕೊಳ್ಳುತ್ತದೆ. ಹೊರಗಿನಿಂದ ಬಂದವರನ್ನು ಮಾತ್ರ ದಿನಗಟ್ಟಲೆ ನೋಡಿ, ಕೈ ಹೇಗಿದೆ ಎಂದು ತೂಗಿ, ಮನಸ್ಸಾದರೆ ಬಿಟ್ಟುಕೊಳ್ಳುತ್ತದೆ. ಒಳಗಿನಿಂದ ಯಾರು ಬೇಕಾದರೂ ತೆಗೆಯಬಹುದು. ಹೊರಗೆ ನಿಂತವರ ಪಾಡು ಬಾಗಿಲಿನ ಕೈಯಲ್ಲಿ.

ಆಮೇಲೆ ಆಚೆದಡದವರ ಜೊತೆ ಯುದ್ಧ ಬಂತು. ಒಂಬತ್ತು ವರ್ಷ ನಡೆಯಿತು. ನೆನೆಮರದ ಕಾಡು ಸುಟ್ಟು ಬೂದಿಯಾಯಿತು, ಒಂದು ಸಸಿಯೂ ಉಳಿಯಲಿಲ್ಲ. ಬಾಗಿಲವರು ಪಾತ್ರೆ ಪಡಗ, ದವಸ ಧಾನ್ಯ ಎಲ್ಲ ಬಿಟ್ಟು, ತಂತಮ್ಮ ಮನೆಯ ಬಾಗಿಲು ಮಾತ್ರ ಕಿತ್ತು ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಹತ್ತಿದರು. ಈ ಊರು ಕಟ್ಟಿದ್ದೂ ಹಾಗೆಯೇ, ಮೊದಲು ಬಾಗಿಲು ನಿಲ್ಲಿಸಿ ಆಮೇಲೆ ಅದರ ಸುತ್ತ ಗೋಡೆ ಎಬ್ಬಿಸಿದರು. ಹೊತ್ತು ತಂದ ಬಾಗಿಲು ಇದ್ದವರಿಗೆ ಮೇಲಿನ ಬೀದಿ, ಊರು ಸೇರಿ ತೀರ್ಮಾನಿಸುವ ಮಾತಿನಲ್ಲಿ ಒಂದು ಮಾತು. ಇಲ್ಲದವರಿಗೆ ಎಲ್ಲಾದರೂ ಒಂದು ಮೂಲೆ. ಮಕ್ಕಳಿಗೆ ಹೇಳಿಕೊಡುತ್ತಿದ್ದ ಚರಿತ್ರೆ ಇಷ್ಟು.

ಮೂರು ವರ್ಷದ ಹಿಂದೆ ನದಿ ಪಾತ್ರ ಬದಲಿಸಿ ಆಚೆದಡವನ್ನೇ ನುಂಗಿಬಿಟ್ಟಿತು. ಈಗ ಗುಡ್ಡ ಹತ್ತುವ ಸರದಿ ಆಚೆದಡದವರದಾಯಿತು. ಅವರನ್ನು ಊರ ಹೊರಗೆ ತೊಗಲು ಒಣಹಾಕುವ ಬಯಲಿನಲ್ಲಿ ಇಳಿಸಿದರು. ಅವರ ಗುಡಾರಗಳಿಗೆ ಬಾಗಿಲಿರಲಿಲ್ಲ, ಹರಕು ಪರದೆ ಇಳಿಬಿಟ್ಟಿದ್ದರು. ಹಾಗಾಗಿ ಊರವರ ಬಾಯಲ್ಲಿ ಅವರು ಪರದೆಯವರಾದರು. ಯುದ್ಧದಲ್ಲಿ ತಮ್ಮ ಬಾಗಿಲುಗಳನ್ನು ಯಾರೋ ಕಿತ್ತುಕೊಂಡು ಹೋದರು ಎಂದು ಅವರು ಹೇಳಿದಾಗ ಊರಿಗೆ ಊರೇ ನಕ್ಕಿತ್ತು. ಅವರಿಗೊಂದು ಕೆಟ್ಟ ಅಭ್ಯಾಸ ಬೇರೆ ಇತ್ತು. ಬೀದಿಯಲ್ಲಿ ಹೋಗುವಾಗ ದಾರಿಗೆ ಸಿಕ್ಕಿದ ಬಾಗಿಲನ್ನೆಲ್ಲ ಅಂಗೈಯಲ್ಲಿ ಒಂದು ಸಲ ಮುಟ್ಟಿ ಮುಂದೆ ಹೋಗುವರು. ಊರವರು ಬೈದು ಬೈದು ಸಾಕಾಗಿದ್ದರು.

ಹಾಗೆ ಮುಟ್ಟಿಕೊಂಡು ಹೋಗುತ್ತಿದ್ದವಳೊಬ್ಬಳನ್ನು ಹಿರಿಸೊಸೆಯ ಮೈದುನ ನೋಡಿದ, ಮಾತಾಡಿಸಿದ, ಎರಡೇ ತಿಂಗಳಲ್ಲಿ ಮದುವೆಯಾಗಿ ಕರೆದುಕೊಂಡು ಬಂದ. ಅವಳೇ ಕಿರಿಸೊಸೆ.

ಹಿರಿಸೊಸೆ ಬಂದಿದ್ದು ಇದೇ ಊರಿನ ಕೆಳಬೀದಿಯಿಂದ, ಹನ್ನೆರಡು ವರ್ಷದ ಹಿಂದೆ. ಬೇರೆ ಮನೆಗಳಲ್ಲಿ ಸೊಸೆಗೆ ಬಾಗಿಲು ಒಲಿಯಲು ನಾಲ್ಕು ದಿನ, ಹೆಚ್ಚೆಂದರೆ ಒಂದು ತಿಂಗಳು. ಕೆಲವು ಮನೆಯವರು ಗಾಳಿ ಬರಲಿ ಎಂದು ಹಗಲೆಲ್ಲ ಬಾಗಿಲಿಗೆ ಕಲ್ಲು ಕೊಟ್ಟು ತೆರೆದೇ ಇಡುತ್ತಿದ್ದರು, ಅವರ ಸೊಸೆಯರ ವಿಷಯ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ಮನೆಯಲ್ಲಿ ಕಲ್ಲು ಕೊಡುವಂತಿಲ್ಲ, ಬಾಗಿಲು ರಿಪೇರಿಯೇ ಮನೆತನದ ಕಸುಬು, ನಾಲ್ಕು ಜನ ಬಂದು ನೋಡುವ ಜಾಗ. ಹಿರಿಸೊಸೆ ಬಾವಿಯಿಂದ ಕೊಡ ಹೊತ್ತು ಬಂದು ನಿಲ್ಲುವಳು, ಒಗೆದ ಬಟ್ಟೆಯ ಬುಟ್ಟಿ ಸೊಂಟಕ್ಕೆ ಏರಿಸಿಕೊಂಡು ನಿಲ್ಲುವಳು, ಜ್ವರ ಬಂದ ದಿನ ಒಂದು ಕೈ ಗೋಡೆಗೆ ಕೊಟ್ಟು ನಿಲ್ಲುವಳು. ಒಳಗಿನಿಂದ ಯಾರಾದರೂ ಬಂದು ತೆಗೆಯಬೇಕು. ಎದುರುಮನೆಯಲ್ಲಿ ಬುಟ್ಟಿ ಹೆಣೆಯುವವಳು ದಿನವೂ ಒಂದೇ ಪ್ರಶ್ನೆ ಕೇಳುವಳು.

"ಇವತ್ತೂ ಇಲ್ವೇನಮ್ಮ?"

ಹನ್ನೊಂದನೆಯ ತಿಂಗಳಲ್ಲಿ ಒಂದು ದಿನ, ಕೊಡ ಹೊತ್ತು ಬಂದವಳು ಅಭ್ಯಾಸದಂತೆ ಅಂಗೈ ಇಟ್ಟಾಗ, ಬಾಗಿಲು ನಾಲ್ಕು ಬೆರಳಿನಷ್ಟು ಅಲುಗಿತು. ಆಮೇಲೆ ಪೂರ್ತಿ ತೆರೆಯಿತು. ಹಿರಿಸೊಸೆ ಕೊಡವನ್ನು ಅಲ್ಲೇ ಇಳಿಸಿ ಅತ್ತುಬಿಟ್ಟಳು. ಓಡಿಹೋಗಿ ಅತ್ತೆಗೆ ಹೇಳಿದರೆ, ಅತ್ತೆ ಅವಳ ಮುಖವನ್ನೇ ಒಂದು ಗಳಿಗೆ ದಿಟ್ಟಿಸಿ ನೋಡಿ, "ಹೂಂ. ಒಲೆ ಮೇಲೆ ಹಾಲಿದೆ, ಉಕ್ಕೀತು ನೋಡು," ಎಂದು ಹಿತ್ತಲಿಗೆ ಹೋದರು. ಅಷ್ಟೇ. ಅಂದಿನಿಂದ ಬೀದಿಯವರು ಅವಳನ್ನು 'ಹನ್ನೊಂದು' ಎಂದು ಕರೆಯತೊಡಗಿದರು. ಮೊದಲು ಹಿಂದಿನಿಂದ, ಆಮೇಲೆ ಎದುರಿಗೇ.

ಆ ಹೆಸರನ್ನು ಹನ್ನೊಂದು ವರ್ಷ ನುಂಗಿಕೊಂಡಿದ್ದವಳು, ಕಿರಿಸೊಸೆ ಬಂದ ದಿನ ಚಿಲಕ ಟಕ್ಕೆಂದಿದ್ದೇ ತಡ, ಮೈಯೆಲ್ಲ ಉರಿದುಹೋದಳು.

ಹಾಗೆಂದು ಕಿರಿಸೊಸೆ ಕೆಟ್ಟವಳೂ ಅಲ್ಲ, ಅದೇ ದೊಡ್ಡ ತೊಂದರೆ. ಬೇಗ ಏಳುವಳು, ಮಾತು ಕಡಿಮೆ, "ಅಕ್ಕ, ಅಕ್ಕ" ಎಂದು ಹಿಂದೆಮುಂದೆ ಸುತ್ತುವಳು. ಜಗಳವಾಡೋಣವೆಂದರೆ ಒಂದು ಎಳೆಯೂ ಕೈಗೆ ಸಿಗದು. ಹಿರಿಸೊಸೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು. ಕೊನೆಗೆ ಸಿಕ್ಕಿದ್ದು ಒಂದೇ ಒಂದು. ಹಿರಿಸೊಸೆಯ ಎಂಟು ವರ್ಷದ ಮಗಳನ್ನು ಕಿರಿಸೊಸೆ ಕೆಲಸದ ಮನೆಯ ಕಂಬಕ್ಕೆ ಒರಗಿಸಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಉಳಿಯಿಂದ ಒಂದು ಗೀಟು ಕೊರೆದು, ಗೀಟಿನ ಕೆಳಗೆ ಮೀನುಗಾಳದ ಹಾಗೆ ಒಂದು ಕೊಕ್ಕೆ ಬಿಡಿಸಿದ್ದಳು.

"ಒಳ್ಳೆ ಮರ ಹಾಳು ಮಾಡ್ತೀಯಲ್ಲ, ಏನಿದು?"

"ಮಗು ಎಷ್ಟುದ್ದ ಆಯ್ತು ಅಂತ ಅಕ್ಕ. ನಮ್ಮಲ್ಲಿ ವರ್ಷಕ್ಕೊಂದ್ಸಲ ಹೀಗೆ ಗುರುತು ಹಾಕ್ತಾರೆ. ಕೊಕ್ಕೆ ಹಾಕಿದ್ರೆ ಹುಡುಗಿ, ಚುಕ್ಕಿ ಇಟ್ರೆ ಹುಡುಗ."

"ನಿಮ್ಮಲ್ಲಿ ಹಾಕ್ಕೊಳ್ಳಿ, ನಮ್ಮ ಕಂಬಕ್ಕೆ ಬೇಡ," ಎಂದು ಹಿರಿಸೊಸೆ ಕಡ್ಡಿ ಮುರಿದಂತೆ ಹೇಳಿದಳು. ಮಗಳು ಮಾತ್ರ ಚಿಕ್ಕಮ್ಮನ ಸೆರಗು ಹಿಡಿದುಕೊಂಡು ಅಮ್ಮನನ್ನೇ ದುರುಗುಟ್ಟಿ ನೋಡಿದಳು. ಹೆತ್ತ ಮಗಳೂ ಅವಳ ಕಡೆಗೇ ಹೋದ ಮೇಲೆ ಇನ್ನೇನು ಉಳಿಯಿತು ಎಂದು ಹಿರಿಸೊಸೆಗೆ ಅನ್ನಿಸಿತು.

ಅವಳಿಗೆ ಉಳಿದಿದ್ದು ಕೆಲಸವೊಂದೇ. ಮಾವ ತೀರಿಹೋದ ಮೇಲೆ ಕೆಲಸದ ಮನೆಯನ್ನು ಎತ್ತಿ ನಿಲ್ಲಿಸಿದವಳೇ ಅವಳು. ಗಂಡ ಒಳ್ಳೆಯ ಮನುಷ್ಯ, ಭಾರ ಎತ್ತಲು ಎರಡಾಳಿನ ಸಮ, ಆದರೆ ಕೀಸುಳಿ ಕೊಟ್ಟರೆ ಹಲಗೆಯನ್ನು ಹೊಲದಂತೆ ಉತ್ತುಬಿಡುವನು. ಮೈದುನ ಅದಕ್ಕಿಂತ ಕಡೆ. ಉಬ್ಬಿದ ಹಲಗೆ, ಜಗ್ಗಿದ ಚೌಕಟ್ಟು, ಸಡಿಲವಾದ ಕೀಲು, ಊರಿನ ಯಾವ ಬಾಗಿಲಿಗೆ ಏನಾದರೂ ಹಿರಿಸೊಸೆಯ ಕೈಗೇ ಬರಬೇಕು. ಕಸುಬಿನ ಮೊದಲ ಪಾಠ ಅವಳಿಗೆ ಮಾವ ಹೇಳಿಕೊಟ್ಟಿದ್ದರು. ಬಾಗಿಲಿನಲ್ಲಿ ಎದೆಮಟ್ಟಕ್ಕೆ, ಎಲ್ಲರೂ ಅಂಗೈ ಇಡುವ ಒಂದು ಗೇಣು ಜಾಗವಿದೆ. ಅದಕ್ಕೆ ಕೈಪಟ್ಟಿ ಎನ್ನುತ್ತಾರೆ. ಬೇರೆಲ್ಲಿ ಬೇಕಾದರೂ ಕೀಸು, ಕೈಪಟ್ಟಿಗೆ ಮಾತ್ರ ಅಲಗು ತಾಗಿಸಬೇಡ. ಕೈಯ ನೆನಪು ಅಲ್ಲಿ ಪದರ ಪದರವಾಗಿ ಕೂತಿರುತ್ತದೆ, ಹಳೆಯದು ಆಳಕ್ಕೆ, ಹೊಸದು ಮೇಲಕ್ಕೆ.

ಕಿರಿಸೊಸೆ ಬಂದು ನಾಲ್ಕು ತಿಂಗಳಾದಾಗ ಅತ್ತೆ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ವಿಷಯ ಎತ್ತಿದರು.

"ನನ್ನ ಮಂಡಿ ಕೈಕೊಟ್ಟಿದೆ. ಬಾಗಿಲು ಒಪ್ಪಿಸಿಬಿಡ್ತೀನಿ. ನಾಳಿದ್ದು ಬೆಳಿಗ್ಗೆ ಬೀದಿಯವರನ್ನ ಕರೀರಿ."

ಬಾಗಿಲು ಒಪ್ಪಿಸುವುದೆಂದರೆ ಯಜಮಾನಿಕೆ ಒಪ್ಪಿಸುವುದು. ಮನೆ, ಕೆಲಸದ ಮನೆ, ಊರಿನ ಮಾತಿನಲ್ಲಿ ಆ ಮನೆಯ ಮಾತು, ಎಲ್ಲ ಅದರಲ್ಲೇ ಬಂತು. ಸೊಸೆಯಾದವಳು ಬೀದಿಯವರ ಮುಂದೆ ಬರಿಗೈಯಲ್ಲಿ ನಿಂತು ಅಂಗೈ ಇಡಬೇಕು, ಬಾಗಿಲು ತೆರೆಯಬೇಕು. ಹಿರಿಸೊಸೆ ಹನ್ನೆರಡು ವರ್ಷ ಈ ಒಂದು ಬೆಳಗಿಗಾಗಿ ದುಡಿದಿದ್ದಳು.

"ನೀನು ಮೊದಲು ನಿಲ್ಲು," ಎಂದರು ಅತ್ತೆ ಅವಳಿಗೆ. ಕಿರಿಸೊಸೆಯ ಕಡೆ ತಿರುಗಿ, "ಆಮೇಲೆ ನೀನು. ಬಾಗಿಲು ಏನು ಹೇಳುತ್ತೋ ಹೇಳಲಿ."

"ನಾನ್ಯಾಕೆ ಅತ್ತೆ? ಅಕ್ಕ ಇದ್ದಾರಲ್ಲ," ಎಂದಳು ಕಿರಿಸೊಸೆ.

"ಬೀದಿ ಬಾಯಿ ಮುಚ್ಚಬೇಕಲ್ಲಮ್ಮ. ನಿಂತ್ಕೋ."

ಅತ್ತೆ ಎದ್ದು ಎಂದಿನಂತೆ ಹಿತ್ತಲ ಬಾಗಿಲಿನಿಂದ ಹೊರಗೆ ಹೋದರು. ಅತ್ತೆ ಯಾವತ್ತೂ ಮುಂಬಾಗಿಲು ಬಳಸಿದವರಲ್ಲ. ಬಾಗಿಲು ಹೊತ್ತು ತಂದ ಮುತ್ತಜ್ಜ, ನನ್ನ ಬೆನ್ನ ಮೇಲೆ ಬಂದಿದ್ದನ್ನು ನಾನು ಕೈಯಿಂದ ತಳ್ಳುವುದೇ ಎಂದು ಸಾಯುವ ತನಕ ಹಿತ್ತಲಿನಿಂದಲೇ ಓಡಾಡಿದನಂತೆ. ಆಮೇಲೆ ಬಂದ ಯಜಮಾನಿಯರೂ ಆ ಮರ್ಯಾದೆ ಉಳಿಸಿಕೊಂಡು ಬಂದಿದ್ದರು, ಬೇರೆಯವರಿಗೆ ಆ ದಾರಿ ಇರಲಿಲ್ಲ.

ಅತ್ತೆ ಹೇಳಿದ ಮಾತು ಹಿರಿಸೊಸೆಯ ತಲೆಯಲ್ಲಿ ಗಿರಗಿರ ಸುತ್ತಿತು. ಇಬ್ಬರನ್ನೂ ನಿಲ್ಲಿಸುವುದೆಂದರೆ ತೂಕ ನೋಡುವುದು ಎಂದೇ ಅವಳು ತಿಳಿದಳು. ತನಗೆ ಬಾಗಿಲು ತೆರೆಯುವುದು ತೆರೆಯುತ್ತದೆ, ಆದರೆ ಅಂಗೈ ಇಟ್ಟು ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಬೇಕು. ಈ ಮನೆಯಲ್ಲೇ ಹುಟ್ಟಿದ ಗಂಡನೂ ಅಂಗೈ ತಾಗಿಸಲೇಬೇಕು. ಕಿರಿಸೊಸೆಗೋ ಬೀದಿಯ ತಿರುವಿನಲ್ಲಿ ಕಂಡರೆ ಸಾಕು. ಬೀದಿಯವರೆಲ್ಲ ನೋಡುತ್ತಾರೆ, ಬುಟ್ಟಿಯವಳು ನೋಡುತ್ತಾಳೆ. ನಿನ್ನೆ ಮೊನ್ನೆ ಬಂದ ಪರದೆಯವಳು ಹನ್ನೆರಡು ವರ್ಷವನ್ನು ಒಂದೇ ಗಳಿಗೆಯಲ್ಲಿ ಬಾಚಿಕೊಂಡು ಹೋಗುತ್ತಾಳೆ.

ಮರುದಿನ ಬೆಳಿಗ್ಗೆ ಅವಳು ಗಂಡನಿಗೆ ಹೇಳಿದಳು. "ರೀ, ಬಾಗಿಲು ಕೆಳಗಡೆ ಉಬ್ಬಿಕೊಂಡಿದೆ. ನಾಳೆ ಎಲ್ಲರ ಮುಂದೆ ನೆಲಕ್ಕೆ ತಿಕ್ಕಿದ್ರೆ ನಗೆಪಾಟಲು. ಬಿಚ್ಚಿ ಕೊಡಿ."

ಅವನು ಬಿಜಾಗರಿ ಬಿಚ್ಚಿ, ಬಾಗಿಲನ್ನು ಒಬ್ಬನೇ ಎತ್ತಿ ಕೆಲಸದ ಮನೆಯ ಮಣೆಯ ಮೇಲೆ ಮಲಗಿಸಿದ. ಬರಿದಾದ ಚೌಕಟ್ಟಿಗೆ ಹಳೆಯ ಸೀರೆಯೊಂದನ್ನು ಇಳಿಬಿಟ್ಟು, "ಇವತ್ತೊಂದಿನ ನಾವೂ ಪರದೆಯವರೇ ನೋಡೇ," ಎಂದು ನಕ್ಕ. ಅವಳಿಗೆ ನಗು ಬರಲಿಲ್ಲ.

ಮಧ್ಯಾಹ್ನ ಎಲ್ಲರೂ ಅಡ್ಡಾಗಿದ್ದ ಹೊತ್ತಿನಲ್ಲಿ ಅವಳು ಕೆಲಸದ ಮನೆಯ ಕದ ಹಾಕಿಕೊಂಡಳು. ಕೈಪಟ್ಟಿಯ ಮೇಲೆ ಬಿಸಿಲು ಬಿದ್ದಿತ್ತು. ನಾಲ್ಕು ತಲೆಮಾರಿನ ಅಂಗೈ ಉಜ್ಜಿ ಉಜ್ಜಿ ಅಷ್ಟು ಜಾಗ ಕನ್ನಡಿಯಂತೆ ಮಿನುಗುತ್ತಿತ್ತು. ಅವಳ ಲೆಕ್ಕ ಸರಳವಾಗಿತ್ತು. ಕಡೆಗೆ ಬಂದವಳು ಕಿರಿಸೊಸೆ, ಅವಳದು ಎಲ್ಲಕ್ಕಿಂತ ಮೇಲಿನ ಪದರ, ನಾಲ್ಕೇ ತಿಂಗಳದ್ದು. ತನ್ನದು ಅದರ ಕೆಳಗಿದೆ, ಹನ್ನೆರಡು ವರ್ಷ ದಪ್ಪ. ಕೂದಲೆಳೆಯಷ್ಟು ಕೆರೆದು ತೆಗೆದರೆ ಅವಳು ಹೋದಂತೆ, ತಾನು ಉಳಿದಂತೆ. ಮಾವನ ಮಾತು ನೆನಪಾಗಿ, ಎತ್ತಿಕೊಂಡ ಅಲಗನ್ನು ಒಂದು ಸಲ ಮಣೆಯ ಮೇಲೆ ಇಟ್ಟುಬಿಟ್ಟಳು. ಆಮೇಲೆ ಚಿಲಕದ ಟಕ್ಕೆಂಬ ಸದ್ದು ನೆನಪಾಯಿತು. ತೆಳುವಾದ ತಗಡಿನ ಅಲಗು ಹಿಡಿದು, ಉಸಿರು ಬಿಗಿಹಿಡಿದು, ಮೂರು ಸಲ ಎಳೆದಳು. ಈರುಳ್ಳಿ ಸಿಪ್ಪೆಗಿಂತ ತೆಳುವಾದ ಒಂದು ಸುರುಳಿ ಎದ್ದು ಬಂತು. ಅದನ್ನು ಕಾಲಿನಿಂದ ಹೊಟ್ಟಿನ ರಾಶಿಗೆ ತಳ್ಳಿಬಿಟ್ಟಳು.

ನೆಪಕ್ಕೆಂದು ಹೇಳಿದ ಉಬ್ಬನ್ನೂ ಸರಿಮಾಡಬೇಕಲ್ಲ. ಬಾಗಿಲಿನ ಒಳಮೈಯ ಕೆಳಭಾಗದಲ್ಲಿ ಏಳೆಂಟು ಪದರ ಬಣ್ಣ ಹೆಪ್ಪುಗಟ್ಟಿತ್ತು. ಕೀಸುಳಿ ಹಾಕಿದಂತೆ ಬಣ್ಣ ಹಪ್ಪಳದಂತೆ ಎದ್ದಿತು. ಅಡಿಯಲ್ಲಿ ಬರಿ ಮರ ಕಂಡಿತು, ಮರದ ಮೇಲೆ ಒಂದು ಗೀಟು. ಗೀಟಿನ ಕೆಳಗೆ ಮೀನುಗಾಳದ ಕೊಕ್ಕೆ.

ಅವಳು ಕೀಸುಳಿ ಕೆಳಗಿಟ್ಟಳು. ಉಗುರಿನಿಂದ ಇನ್ನಷ್ಟು ಬಣ್ಣ ಕಿತ್ತಳು. ಒಂದರ ಮೇಲೊಂದು ಹದಿನಾಲ್ಕು ಗೀಟು. ಕೆಲವಕ್ಕೆ ಕೊಕ್ಕೆ, ಕೆಲವಕ್ಕೆ ಚುಕ್ಕಿ. ಯಾರದೋ ಮಕ್ಕಳು ಮೊಣಕಾಲಿನ ಮಟ್ಟದಿಂದ ಎದೆಮಟ್ಟಕ್ಕೆ ಬೆಳೆದಿದ್ದರು, ಈ ಬಾಗಿಲಿಗೆ ಬೆನ್ನು ಕೊಟ್ಟು ನಿಂತು.

ಬಾಗಿಲು ಪರದೆಯವರದು. ಮುತ್ತಜ್ಜ ಹೊತ್ತು ತಂದಿದ್ದು ನಿಜ, ತನ್ನ ಮನೆಯಿಂದಲ್ಲ. ಪರದೆಯವರು ಯಾಕೆ ದಾರಿಯುದ್ದಕ್ಕೂ ಬಾಗಿಲು ಮುಟ್ಟಿಕೊಂಡು ಹೋಗುತ್ತಾರೆ, ಕಿರಿಸೊಸೆ ಯಾಕೆ ಈ ಬೀದಿಗೆ ಬಂದಳು, ಚಿಲಕ ಯಾಕೆ ಟಕ್ಕೆಂದಿತು, ಎಲ್ಲ ಅವಳಿಗೆ ಒಟ್ಟಿಗೇ ಹೊಳೆಯಿತು. ಬೇರೆ ಯಾರಾದರೂ ಆಗಿದ್ದರೆ ನಾಚಿಕೆಯಾಗುತ್ತಿತ್ತೋ ಏನೋ. ಹಿರಿಸೊಸೆಗೆ ಬಂದಿದ್ದು ಇನ್ನಷ್ಟು ಹೊಟ್ಟೆಕಿಚ್ಚು. ತಾನು ಹನ್ನೊಂದು ತಿಂಗಳು ಗೋಗರೆದಿದ್ದು ಇವಳ ಮನೆಯ ಬಾಗಿಲಿಗೆ! ಇವಳು ಏನೂ ಮಾಡದೆ, ಬರೀ ಹುಟ್ಟಿದ್ದಕ್ಕೆ, ಎಲ್ಲ ಪಡೆದುಕೊಂಡಳು.

ಗೀಟುಗಳ ಮೇಲೆ ಬಣ್ಣ ಬಳಿದು, ಸಂಜೆಯ ಹೊತ್ತಿಗೆ ಗಂಡನ ಕೈಯಲ್ಲಿ ಬಾಗಿಲನ್ನು ಮತ್ತೆ ಕೂರಿಸಿದಳು. ಹೊರಗೆ ಹೋಗಿ ಒಂದು ಸಲ ಅಂಗೈ ಇಟ್ಟು ನೋಡೋಣ ಎನ್ನಿಸಿತು. ಎದುರಿಗೆ ಬುಟ್ಟಿಯವಳು ಕೂತಿದ್ದಳು. ಸುಮ್ಮನಾದಳು.

ಮರುದಿನ ಬೆಳಿಗ್ಗೆ ಬೀದಿಯ ಅರ್ಧ ಜನ ಸೇರಿದರು. ಮುದುಕಿಯರಿಗೆ ಮುಂದೆ ಚಾಪೆ ಹಾಸಿತ್ತು. ಅತ್ತೆ ಹೊರಗೆ ಜಗಲಿಯ ಮೇಲೆ ಕೋಲು ಹಿಡಿದು ಕೂತರು. ಮನೆಯೊಳಗೆ ಯಾರೂ ಇರಲಿಲ್ಲ. ಬಾಗಿಲು ಮುಚ್ಚಿತ್ತು. ಕಿರಿಸೊಸೆಯನ್ನು ಅವಳ ಗಂಡ ಬೀದಿಯ ತುದಿಯಲ್ಲಿ, ಬಾಗಿಲಿನ ಕಣ್ಣಿಗೆ ಬೀಳದಷ್ಟು ದೂರ ನಿಲ್ಲಿಸಿಕೊಂಡಿದ್ದ.

ಹಿರಿಸೊಸೆ ಹೊಸ್ತಿಲ ಮುಂದೆ ನಿಂತು ಅಂಗೈ ಇಟ್ಟಳು. ಒಂದು ಉಸಿರು ಎಳೆದಳು. ಎರಡನೆಯದು ಎಳೆದಳು. ಬಾಗಿಲು ಅಲುಗಲಿಲ್ಲ. ಮರ ಕೈಗೆ ತಣ್ಣಗೆ, ಹೊಸದಾಗಿ, ಗುರುತೇ ಇಲ್ಲದಂತೆ ತಾಗಿತು. ಅವಳು ಕೈ ಬದಲಿಸಿದಳು. ಎರಡೂ ಕೈ ಇಟ್ಟಳು. ಹಿಂದೆ ಯಾರೋ ಕೆಮ್ಮಿದರು.

"ಹನ್ನೊಂದಮ್ಮಾ, ಇವತ್ತೂ ಇಲ್ವೇನಮ್ಮ?" ಎಂದಳು ಬುಟ್ಟಿಯವಳು. ನಾಲ್ಕು ಜನ ಕಿಸಕ್ಕೆಂದರು.

ಆಗ ಹಿರಿಸೊಸೆಗೆ ತಾನು ಮಾಡಿದ್ದೇನೆಂದು ತಿಳಿಯಿತು. ಕಿರಿಸೊಸೆಯ ನೆನಪು ಮೇಲಿನ ಪದರದಲ್ಲಿ ಇರಲೇ ಇಲ್ಲ. ಅದು ಮರದ ತಿರುಳಿನಲ್ಲಿತ್ತು, ಹದಿನಾಲ್ಕು ಗೀಟಿನಷ್ಟು ಆಳದಲ್ಲಿ. ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಇದ್ದದ್ದು ತಾನು. ಹನ್ನೆರಡು ವರ್ಷವನ್ನು ತನ್ನ ಕೈಯಾರೆ ಸುರುಳಿ ಎಬ್ಬಿಸಿ ಹೊಟ್ಟಿಗೆ ತಳ್ಳಿದ್ದಳು.

ಅತ್ತೆ ಗಾಬರಿಯಿಂದ ಕೋಲೂರಿ ಏಳಲು ನೋಡುತ್ತಿದ್ದರು. ಅಷ್ಟರಲ್ಲಿ, ಏನಾಯಿತೆಂದು ನೋಡಲು ಕಿರಿಸೊಸೆ ಬೀದಿಯ ತುದಿಯಿಂದ ನಾಲ್ಕು ಹೆಜ್ಜೆ ಮುಂದೆ ಬಂದಳು. ಚಿಲಕ ಟಕ್ಕೆಂದಿತು. ಹಿರಿಸೊಸೆಯ ಕೈಯ ಕೆಳಗಿನಿಂದಲೇ ಜಾರಿಕೊಂಡು ಬಾಗಿಲು ಪೂರ್ತಿ ತೆರೆಯಿತು.

ಹಿರಿಸೊಸೆಯ ತಲೆ ಕೆಟ್ಟುಹೋಯಿತು.

"ತೆಗೆಯದೆ ಏನು! ಅವಳದೇ ಅಲ್ವಾ ಬಾಗಿಲು!" ಎಂದು ಕೂಗಿದಳು. "ಒಳಮೈ ಕೆರೆದು ನೋಡಿ, ಅವರ ಮಕ್ಕಳ ಗುರುತು ಸಾಲಾಗಿದೆ! ನಮ್ಮ ಮುತ್ತಜ್ಜ ಹೊತ್ತು ತಂದಿದ್ದಲ್ಲ, ಕದ್ದು ತಂದಿದ್ದು! ಇವಳಿಗೆ ಎಲ್ಲ ಗೊತ್ತು. ಗೊತ್ತಿದ್ದೇ ಬಂದು ಸೇರ್ಕೊಂಡಳು!"

ಮನೆತನದ ಮರ್ಯಾದೆ, ಮೇಲಿನ ಬೀದಿಯ ಜಾಗ, ಊರಿನ ಮಾತಿನಲ್ಲಿ ಮಾತು, ಎಲ್ಲವನ್ನೂ ಒಂದೇ ಕೂಗಿಗೆ ಬೀದಿಗೆಸೆದಿದ್ದಳು. ಯಾರಾದರೂ ಛೀ ಎನ್ನುತ್ತಾರೆಂದು ಕಾದಳು. ಯಾರೂ ಎನ್ನಲಿಲ್ಲ. ಚಾಪೆಯ ಮೇಲಿದ್ದ ಮುದುಕಿಯರಲ್ಲಿ ಕೆಲವರು ತಮ್ಮ ಸೆರಗಿನ ಅಂಚು ನೋಡಿಕೊಳ್ಳುತ್ತಿದ್ದರು. ಬುಟ್ಟಿಯವಳು ತಿರುಗಿ ತನ್ನ ಮನೆಯ ಕಡೆ ನೋಡಿದಳು. ಅವಳ ಬಾಗಿಲಿಗೆ ಎಂದಿನಂತೆ ಕಲ್ಲು ಕೊಟ್ಟಿತ್ತು.

ಕಿರಿಸೊಸೆ ಹತ್ತಿರ ಬಂದಳು. "ಬಾಗಿಲು ಹುಡುಕ್ಕೊಂಡೇ ಬಂದೆ ಅಕ್ಕ, ಸುಳ್ಳು ಯಾಕೆ ಹೇಳಲಿ. ಅಜ್ಜಿ ಸಾಯೋವಾಗ ಹುಡುಕು ಅಂದಿದ್ರು. ಮಧ್ಯಾಹ್ನ ಬೀದೀಲಿ ಯಾರೂ ಇರಲಿಲ್ಲ, ಇದು ತಾನಾಗೇ ತೆಗೀತು, ನೋಡ್ದೆ, ಹೊರಟು ಹೋಗೋಳಿದ್ದೆ. ಅಷ್ಟರಲ್ಲಿ ಇವರು ಒಳಗಿನಿಂದ ಬಂದು, ಯಾರು ನೀವು, ನೀರು ಬೇಕಾ ಅಂದ್ರು. ಆಮೇಲೆ ನಂಗೆ ಬಾಗಿಲು ಬೇಕಾಗ್ಲಿಲ್ಲ."

ಹಿರಿಸೊಸೆ ಜಗಲಿಯ ಅಂಚಿನಲ್ಲಿ ಕುಸಿದು ಕೂತಳು. ಅತ್ತೆ ಅವಳ ಅಂಗೈ ಎಳೆದುಕೊಂಡು ನೋಡಿದರು. ಬೆರಳ ಸಂದಿಯಲ್ಲಿ ಹಳೆಯ ಬಣ್ಣದ ಚೂರು ಇನ್ನೂ ಅಂಟಿತ್ತು.

"ಕೈಪಟ್ಟಿ ಕೆರೆದ್ಯಾ?"

ಅವಳು ತಲೆಯಾಡಿಸಿದಳು.

"ಅಯ್ಯೋ ಹುಚ್ಚಿ," ಎಂದರು ಅತ್ತೆ. ಅವಳ ಕೈ ಬಿಡದೆ, ತಗ್ಗಿದ ದನಿಯಲ್ಲಿ, ಆದರೆ ಚಾಪೆಯವರಿಗೂ ಕೇಳುವಂತೆ ಹೇಳಿದರು. "ನನಗೆ ಈ ಬಾಗಿಲು ಯಾವತ್ತೂ ತೆಗೀಲಿಲ್ಲ. ನಲವತ್ತಾರು ವರ್ಷ. ಮರ್ಯಾದೆ ಗಿರ್ಯಾದೆ ಏನೂ ಇಲ್ಲ, ತೆಗೆಯಲ್ಲ ಅಂತಾನೇ ಹಿತ್ತಲಿಂದ ಓಡಾಡಿದ್ದು. ನಮ್ಮತ್ತೆಗೂ ಇಲ್ಲ. ಆ ಮುತ್ತಜ್ಜನಿಗೂ ಇಲ್ಲ. ನನಗೆ ಒಪ್ಪಿಸೋ ದಿನ ನಮ್ಮತ್ತೆ ಒಳಗೆ ನಿಂತು ಚಿಲಕಕ್ಕೆ ದಾರ ಕಟ್ಟಿ ಎಳೆದ್ರು. ಹೊರಗಿಂದ ಬಂದವರಲ್ಲಿ ಇದು ಮನಸ್ಸು ಮಾಡಿ ತೆಗೆದಿದ್ದು ಒಬ್ಬಳಿಗೇ. ನಿನಗೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಗೆ ಹೇಳಲಿ? ನೀನು ಅಳ್ತಾ ಓಡಿ ಬಂದೆ ನೋಡು, ತೆಗೀತು ತೆಗೀತು ಅಂತ, ಅವತ್ತು ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಹಾಲು ಉಕ್ಕುತ್ತೆ ಅಂದು ಹಿತ್ತಲಿಗೆ ಹೋಗಿ ನಾನೂ ಅತ್ತುಬಿಟ್ಟೆ. ಹನ್ನೊಂದು ಹನ್ನೊಂದು ಅಂತ ಬೀದಿ ಆಡ್ಕೊಂಡಾಗ ಒಳಗೊಳಗೇ ತಂಪಾಗ್ತಿತ್ತು ನಂಗೆ. ಇವತ್ತು ನಿನಗೆ ತೆಗೆದ ತಕ್ಷಣ ಸಾಕು ಅಂತ ಎದ್ದುಬಿಡೋಳಿದ್ದೆ. ಅವಳ ಸರದಿ ಬರ್ತಾನೇ ಇರಲಿಲ್ಲ. ಒಳಗೆ ನಿಂತು ದಾರ ಎಳೆಯೋದೇನೂ ಬೇಡ, ನಿನಗೆ ತಾನಾಗಿ ತೆಗೆಯುತ್ತೆ ಅಂತ ಹೊರಗೆ ಬಂದು ಕೂತೆ."

ಹಿರಿಸೊಸೆ ಸೆರಗು ಬಾಯಿಗೆ ತುರುಕಿಕೊಂಡಳು. ಅಂದು ಅವಳು ಅತ್ತ ಅಳು ಬೀದಿಯ ತುದಿಯವರೆಗೆ ಕೇಳಿಸಿತು.

ಯಜಮಾನಿಕೆ ಕಿರಿಸೊಸೆಗೇ ಹೋಯಿತು, ಬಾಗಿಲು ತೆರೆದಿದ್ದು ಅವಳಿಗೆ. ಮಧ್ಯಾಹ್ನದೊಳಗೆ ಸುದ್ದಿ ತೊಗಲು ಬಯಲು ಮುಟ್ಟಿತು. ಸಂಜೆ ಪರದೆಯವರು ಗುಂಪಾಗಿ ಬಂದು, ಕದ್ದುಮುಚ್ಚಿ ಅಲ್ಲ, ನಿಂತು ನಿಂತು ಬಾಗಿಲುಗಳನ್ನು ಮುಟ್ಟಿದರು. ಕೆಲವು ಮನೆಯವರು ಒಳಗಿನಿಂದ ಅಗುಳಿ ಜಡಿದುಕೊಂಡರು. ಕೆಲವು ಮನೆಯವರು ಕಲ್ಲು ತೆಗೆದು, ಬಾಗಿಲು ಮುಚ್ಚಿ, ಪಕ್ಕಕ್ಕೆ ನಿಂತರು. ಬುಟ್ಟಿಯವಳು ಯಾವುದನ್ನೂ ಮಾಡಲಾಗದೆ ಕಲ್ಲಿನ ಮೇಲೆಯೇ ಕೂತುಬಿಟ್ಟಳು.

"ಕೆಲಸದ ಮನೆ ಬೀಗದಕೈ ಅಕ್ಕನ ಹತ್ರಾನೇ ಇರಲಿ," ಎಂದಿದ್ದಳು ಕಿರಿಸೊಸೆ. "ನಂಗೆ ಗೀಟು ಕೊರೆಯೋದು ಬಿಟ್ರೆ ಉಳಿ ಹಿಡಿಯೋಕೂ ಬರಲ್ಲ." ಹಿರಿಸೊಸೆ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ದೊಡ್ಡಗುಣದಲ್ಲೂ ಇವಳೇ ಮುಂದಾಗಬೇಕೇ ಎಂದು ಒಳಗೆ ಚುರುಕ್ಕೆಂದಿತು. ಹೊಟ್ಟೆಕಿಚ್ಚು ಒಂದೇ ದಿನಕ್ಕೆ ಆರುವ ಪೈಕಿಯದಲ್ಲ.

ಮರುದಿನ ಬೆಳಿಗ್ಗೆ ಅವಳು ಬಾವಿಯಿಂದ ಕೊಡ ಹೊತ್ತು ಬಂದು ಮುಚ್ಚಿದ ಬಾಗಿಲ ಮುಂದೆ ನಿಂತಳು. ಕೆರೆದ ಜಾಗ ಸುತ್ತಲಿನದಕ್ಕಿಂತ ಬಿಳುಪಾಗಿ ಕಾಣುತ್ತಿತ್ತು. ಅದರ ಮೇಲೆ ಅಂಗೈ ಇಟ್ಟಳು. ಒಳಗೆ ಕಿರಿಸೊಸೆಯ ಹೆಜ್ಜೆ ಸಪ್ಪಳ ಓಡಿ ಬಂತು.

"ತೆಗೀಬೇಡ ಕಣೇ," ಎಂದಳು ಹಿರಿಸೊಸೆ. "ಆಚೆ ಹೋಗು. ನೀನು ಅಲ್ಲೇ ನಿಂತ್ರೆ ಅದು ನಿನಗೇ ತೆಗೆಯುತ್ತೆ."

ಹೆಜ್ಜೆ ಹಿತ್ತಲಿನ ಕಡೆ ಹೋಯಿತು. ಬಾಗಿಲು ಅಲುಗಲಿಲ್ಲ. ಎದುರುಮನೆಯಿಂದ ಯಾರೂ ಏನೂ ಕೇಳಲಿಲ್ಲ. ಸೊಂಟದ ಮೇಲಿನ ಕೊಡದಿಂದ ನೀರು ತುಳುಕಿ ಅವಳ ಕಾಲಿನ ಮೇಲೆ ಇಳಿಯಿತು.

ಸ್ವಲ್ಪ ಹೊತ್ತಿಗೆ ಮನೆಯ ಪಕ್ಕದ ಓಣಿಯಿಂದ ಕೋಲಿನ ಟಕಟಕ ಕೇಳಿತು. ಅತ್ತೆ ಮಂಡಿ ಹಿಡಿದುಕೊಂಡು, ಗೋಡೆ ಸವರಿಕೊಂಡು, ಸುತ್ತಿ ಬಳಸಿ ಮುಂಬಾಗಿಲಿಗೆ ಬಂದರು. ಕೋಲನ್ನು ಜಗಲಿಗೆ ಒರಗಿಸಿದರು. ಅಂಗೈಯನ್ನು ಸೆರಗಿಗೆ ಒರೆಸಿಕೊಂಡರು, ಒಂದು ಸಲ, ಇನ್ನೊಂದು ಸಲ.

"ಸ್ವಲ್ಪ ಆ ಕಡೆ ಸರಿ," ಎಂದರು. "ನನಗೂ ಕೈ ಇಡೋಕೆ ಜಾಗ ಬಿಡು."